ಟೊ ಕಲಾನ್ ಯಾರದು? ನಾಪಾ ಕ್ಯಾಬರ್ನೆ ಸಂಗ್ರಹ ಮತ್ತು ತೋಟದ ಹೆಸರಿನ ಜಗಳಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯ ಕ್ಯಾಬರ್ನೆ ಸಾವಿನ್ಯೋನ್ (ಒಂದು ಕಪ್ಪು ದ್ರಾಕ್ಷಿ ತಳಿ, ಅದರ ಕೆಂಪು ವೈನ್) ಕೊಂಡು ಇಡಲು ಶುರು ಮಾಡಿದವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಕೇಳುವವರಲ್ಲಿ ಬೇ ಏರಿಯಾದ ಕನ್ನಡಿಗರು ಜಾಸ್ತಿ. ಅವರಿಗೆ ನಾಪಾ ಒಂದೆರಡು ಗಂಟೆಯ ದಾರಿ. ಅರ್ಧಕ್ಕಿಂತ ಹೆಚ್ಚು ಪ್ರಶ್ನೆಗಳು ತೋಟದ ಹೆಸರಿನ ಸುತ್ತಲೇ, ಅದರಲ್ಲೂ ಟೊ ಕಲಾನ್ ಎಂಬ ತೋಟದ ಸುತ್ತಲೇ ಸುತ್ತುತ್ತವೆ. ಅದಕ್ಕೆ ಕಾರಣವೂ ಇದೆ. ಈ ವೈನ್‌ಗಳಲ್ಲಿ ನಾವು ಕೊಡುವ ದುಡ್ಡಿನ ದೊಡ್ಡ ಪಾಲು ಹೋಗುವುದು ಆ ಹೆಸರಿಗೇ.

ಎಲ್ಲರೂ ಹುಡುಕುವ ಕ್ಯಾಬರ್ನೆ ಅಂದ್ರೆ ಯಾವುವು?

ಸ್ಕ್ರೀಮಿಂಗ್ ಈಗಲ್, ಹಾರ್ಲನ್ ಎಸ್ಟೇಟ್, ಕೋಲ್ಗಿನ್, ಬ್ರಯಂಟ್ ಫ್ಯಾಮಿಲಿ, ಗ್ರೇಸ್ ಫ್ಯಾಮಿಲಿ, ಡಲ್ಲಾ ವಾಲೆಯವರ ಮಾಯಾ, ಐಸೆಲೆ, ಶ್ರೇಡರ್. ಇವನ್ನು 'ಕಲ್ಟ್ ಕ್ಯಾಬ್' ಎನ್ನುತ್ತಾರೆ. ಹೆಚ್ಚಿನವು ಹೆಸರು ಮಾಡಿದ್ದು 1990ರ ದಶಕದಲ್ಲಿ. ಜೀನ್ ಫಿಲಿಪ್ಸ್ ಓಕ್‌ವಿಲ್‌ನಲ್ಲಿ 57 ಎಕರೆ ಕೊಂಡದ್ದು 1986ರಲ್ಲಿ. ಅಲ್ಲಿಯ ದ್ರಾಕ್ಷಿಯಿಂದ ಹೈಡಿ ಬ್ಯಾರೆಟ್ ಮಾಡಿದ 1992ರ ವೈನ್ ಸ್ಕ್ರೀಮಿಂಗ್ ಈಗಲ್‌ನ ಮೊದಲ ವಿಂಟೇಜ್ (ಒಂದು ವರ್ಷದ ಬೆಳೆಯ ವೈನ್). ವಿಮರ್ಶಕ ರಾಬರ್ಟ್ ಪಾರ್ಕರ್ ಅದಕ್ಕೆ 99 ಅಂಕ ಕೊಟ್ಟರು. ತಯಾರಾಗಿದ್ದು ಕೆಲವೇ ನೂರು ಕೇಸು (12 ಬಾಟಲಿಯ ಪೆಟ್ಟಿಗೆ). 2000ನೇ ಇಸವಿಯಲ್ಲಿ ನಾಪಾದ ಧರ್ಮಾರ್ಥ ಹರಾಜಿನಲ್ಲಿ ಅದೇ ವೈನ್‌ನ ಆರು ಲೀಟರ್ ಬಾಟಲಿಯೊಂದು 5 ಲಕ್ಷ ಡಾಲರ್‌ಗೆ ಹೋಯಿತು. ಧರ್ಮಕ್ಕೆ ಕೊಟ್ಟ ದುಡ್ಡಾದ್ದರಿಂದ ಅದನ್ನು ಮಾರುಕಟ್ಟೆ ಬೆಲೆ ಅಂದುಕೊಳ್ಳಬೇಡಿ.

ತೋಟದ ಹೆಸರಿಗೆ ಇಷ್ಟು ಬೆಲೆ ಯಾಕೆ?

ಫ್ರಾನ್ಸಿನ ಬೋರ್ಡೊದಲ್ಲಿ ಶಾಟೋ (ತೋಟ, ವೈನರಿ ಎರಡೂ ಸೇರಿದ ಎಸ್ಟೇಟ್) ಹೆಸರೇ ಎಲ್ಲ. ನಾಪಾದಲ್ಲಿ ವೈನ್ ಮಾಡುವವರು ಒಬ್ಬರು, ದ್ರಾಕ್ಷಿ ಬೆಳೆಯುವವರು ಇನ್ನೊಬ್ಬರು ಆಗಿರುವುದು ಮಾಮೂಲಿ. ಜೋ ಹೈಟ್ಸ್ ಅವರು ಟಾಮ್ ಮತ್ತು ಮಾರ್ಥಾ ಮೇ ದಂಪತಿಯ ತೋಟದ ದ್ರಾಕ್ಷಿ ಕೊಂಡು, 1966ರ ವೈನ್ ಅನ್ನು 'ಮಾರ್ಥಾಸ್ ವಿನ್ಯಾರ್ಡ್' ಎಂದು ಬೇರೆಯಾಗಿ ಬಾಟಲಿಗೆ ತುಂಬಿದರು. ಬೆಳೆದವರ ತೋಟದ ಹೆಸರು ನಾಪಾ ಕ್ಯಾಬರ್ನೆ ಲೇಬಲ್ ಮೇಲೆ ಗಟ್ಟಿಯಾಗಿ ಕೂತದ್ದು ಆಗ.

ಒಂದೇ ತೋಟದ ದ್ರಾಕ್ಷಿಯನ್ನು ನಾಲ್ಕೈದು ವೈನರಿಗಳು ಕೊಳ್ಳುವಾಗ ತೋಟದ ಹೆಸರೇ ಒಂದು ಬ್ರಾಂಡ್ ಆಗುತ್ತದೆ. ಬೆಳೆಗಾರ ಆಂಡಿ ಬೆಕ್‌ಸ್ಟಾಫರ್ ಇದನ್ನು ಚೆನ್ನಾಗಿ ಅರಿತವರು. ಅವರು ದ್ರಾಕ್ಷಿಯ ಬೆಲೆಯನ್ನು ಬಾಟಲಿಯ ಬೆಲೆಗೆ ಗಂಟು ಹಾಕಿದರು. ಹಳೆಯ ಲೆಕ್ಕ ಹೀಗೆ: ಬಾಟಲಿ ಬೆಲೆಯ ನೂರು ಪಟ್ಟು ಒಂದು ಟನ್ ದ್ರಾಕ್ಷಿಗೆ. 100 ಡಾಲರ್ ಬಾಟಲಿಗೆ ಟನ್‌ಗೆ 10,000 ಡಾಲರ್. ಒಂದು ಟನ್‌ನಿಂದ ಸುಮಾರು 700 ಬಾಟಲಿ ಬರುತ್ತದೆ. ಹೆಸರಾಂತ ತೋಟಗಳಲ್ಲಿ ಈ ಪಟ್ಟು ಇನ್ನೂ ಮೇಲಕ್ಕೆ ಹೋಗಿದೆ. ರೈತನಿಗೆ ಮಾಲಿನ ಕೊನೆಯ ಬೆಲೆಯಲ್ಲಿ ಪಾಲು ಸಿಗುವ ವ್ಯವಸ್ಥೆ ಎಷ್ಟು ಕಡೆ ಇದೆ? ನನಗೆ ಈ ಲೆಕ್ಕ ತುಂಬ ಹಿಡಿಸುತ್ತದೆ.

ಟೊ ಕಲಾನ್ ಎಲ್ಲಿದೆ? ಅದರ ಚರಿತ್ರೆ ಏನು?

ಓಕ್‌ವಿಲ್ ಊರಿನ ಪಶ್ಚಿಮಕ್ಕೆ, 29ನೇ ಹೆದ್ದಾರಿಯಿಂದ ಮಯಾಕಮಸ್ ಬೆಟ್ಟದ ಬುಡದವರೆಗೆ ಹಬ್ಬಿದ ನೆಲ. ಬೆಟ್ಟದಿಂದ ಹರಿದು ಬಂದ ಕಲ್ಲು, ಗರಸು, ಮಣ್ಣು ಸಾವಿರಾರು ವರ್ಷ ಬೀಸಣಿಗೆಯ ಆಕಾರದಲ್ಲಿ ಹರಡಿ ಆದ ಇಳಿಜಾರು. ನೀರು ನಿಲ್ಲುವುದಿಲ್ಲ. ಬೇರು ಆಳಕ್ಕೆ ಇಳಿಯುತ್ತದೆ. ಕ್ಯಾಬರ್ನೆಗೆ ಬೇಕಾದ್ದು ಇದೇ.

ಹ್ಯಾಮಿಲ್ಟನ್ ಕ್ರ್ಯಾಬ್ ಎಂಬಾತ 1868ರಲ್ಲಿ ಇಲ್ಲಿ 240 ಎಕರೆ ಕೊಂಡು ದ್ರಾಕ್ಷಿ ಹಾಕಿದ. ಮೊದಲು ಇಟ್ಟ ಹೆಸರು ಹರ್ಮೋಸಾ. ಟೊ ಕಲಾನ್ ಎಂಬ ಗ್ರೀಕ್ ಹೆಸರು ಬಂದದ್ದು 1880ರ ದಶಕದಲ್ಲಿ. ಮುಂದೆ ಅವನು ಪಕ್ಕದಲ್ಲಿ ಇನ್ನೆರಡು ತುಂಡು ನೆಲ ಸೇರಿಸಿಕೊಂಡ. ಈಗಿನ ಜಗಳದ ಒಂದು ಬೇರು ಇಲ್ಲೇ ಇದೆ. ಆಮೇಲೆ ಕೊಂಡ ತುಂಡುಗಳೂ ಟೊ ಕಲಾನ್ ಆಗುತ್ತವೆಯೇ? ಅಥವಾ ಮೊದಲಿನ 240 ಎಕರೆ ಮಾತ್ರವೇ?

ಕ್ರ್ಯಾಬ್ 1899ರಲ್ಲಿ ತೀರಿಕೊಂಡ. ಆಸ್ತಿ ಕೈ ಬದಲಾಯಿತು. ಅಮೆರಿಕದ ಮದ್ಯನಿಷೇಧ ಬಂತು, ಹೋಯಿತು. 1943ರಲ್ಲಿ ಮಾರ್ಟಿನ್ ಸ್ಟೆಲಿಂಗ್ ಹೆಚ್ಚಿನ ಪಾಲು ಕೊಂಡು, ಸುತ್ತಲಿನ ನೆಲವನ್ನೂ ಸೇರಿಸಿ ದೊಡ್ಡ ತೋಟ ಮಾಡಿದ. 1950ರಲ್ಲಿ ಅವನು ಕಾರು ಅಪಘಾತದಲ್ಲಿ ಸತ್ತ ಮೇಲೆ ನೆಲ ಮತ್ತೆ ಹರಿದು ಹಂಚಿತು. ರಾಬರ್ಟ್ ಮೊಂಡಾವಿ 1966ರಲ್ಲಿ ತನ್ನ ವೈನರಿ ಕಟ್ಟಿದ್ದು ಈ ನೆಲದ ಮೇಲೆಯೇ. ಆಮೇಲೆ ಸುತ್ತಲೂ ಕೊಳ್ಳುತ್ತ ಹೋಗಿ ಅವರ ಕಂಪನಿ ಎಲ್ಲರಿಗಿಂತ ದೊಡ್ಡ ಪಾಲಿನ ಒಡೆಯನಾಯಿತು. ಬೆಕ್‌ಸ್ಟಾಫರ್ 1993ರಲ್ಲಿ ಬೋಲ್ಯೂ ವಿನ್ಯಾರ್ಡ್‌ನವರ ಕೈಯಲ್ಲಿದ್ದ 89 ಎಕರೆ ಕೊಂಡರು. ಓಪಸ್ ಒನ್ ಎಂಬ ವೈನರಿಯ ತೋಟದ ಒಂದು ಪಾಲೂ ಇಲ್ಲೇ ಇದೆ. ಡೇವಿಸ್ ವಿಶ್ವವಿದ್ಯಾಲಯದ ಪ್ರಯೋಗದ ತೋಟವೂ ಇದೆ. ಡೆಟರ್ಟ್ ಮತ್ತು ಮ್ಯಾಕ್‌ಡೊನಾಲ್ಡ್ ಎಂಬ ಎರಡು ಕುಟುಂಬಗಳಿಗೆ ಇಪ್ಪತ್ತು ಚಿಲ್ಲರೆ ಎಕರೆಗಳಷ್ಟು ತುಂಡುಗಳಿವೆ.

ಮೊಂಡಾವಿಗೂ ಬೆಕ್‌ಸ್ಟಾಫರ್‌ಗೂ ಏನು ಜಗಳ?

ಮೊಂಡಾವಿ ವೈನರಿ 1988ರಲ್ಲಿ 'ಟೊ ಕಲಾನ್' ಎಂಬುದನ್ನು ಟ್ರೇಡ್‌ಮಾರ್ಕ್ ಮಾಡಿಸಿತು. 1994ರಲ್ಲಿ 'ಟೊ ಕಲಾನ್ ವಿನ್ಯಾರ್ಡ್' ಕೂಡ ಅದರ ಹೆಸರಿಗೆ ಬಂತು. ಅಷ್ಟು ಹೊತ್ತಿಗೆ ಬೆಕ್‌ಸ್ಟಾಫರ್ ಕೈಯಲ್ಲಿ ಕ್ರ್ಯಾಬ್‌ನ ನೆಲದ 89 ಎಕರೆ ಇತ್ತು. ಫ್ರೆಡ್ ಶ್ರೇಡರ್ ಆ ದ್ರಾಕ್ಷಿ ಕೊಂಡು, 2000ನೇ ವಿಂಟೇಜ್‌ನ ಬಾಟಲಿ ಮೇಲೆ ಟೊ ಕಲಾನ್ ಎಂದು ಹಾಕಿದರು. 2002ರಲ್ಲಿ ಮೊಂಡಾವಿ ಕೋರ್ಟಿಗೆ ಹೋಯಿತು. ಬೆಕ್‌ಸ್ಟಾಫರ್ ತಿರುಗಿ ದಾವೆ ಹೂಡಿದರು.

ಮೊಂಡಾವಿ ಕಡೆಯ ವಾದ: ಇದು ನಮ್ಮ ಬ್ರಾಂಡ್, ಲೇಬಲ್ ಮೇಲೆ ಬೆಳೆಸಿದವರು ನಾವು, ಬೇರೆಯವರು ಬಳಸಿದರೆ ಗ್ರಾಹಕರಿಗೆ ಗೊಂದಲ. ಬೆಕ್‌ಸ್ಟಾಫರ್ ಕಡೆಯ ವಾದ: ಇದು ಒಂದು ಜಾಗದ ಹೆಸರು, ಮೊಂಡಾವಿ ಹುಟ್ಟುವ ಮೊದಲೇ ಇತ್ತು, ಕ್ರ್ಯಾಬ್‌ನ ನೆಲವಲ್ಲದ ಕಡೆಗೂ ಮೊಂಡಾವಿ ಈ ಹೆಸರನ್ನು ಎಳೆಯುತ್ತಿದೆ. 2003ರಲ್ಲಿ ರಾಜಿ ಆಯಿತು. ಟ್ರೇಡ್‌ಮಾರ್ಕ್ ಮೊಂಡಾವಿಗೇ ಉಳಿಯಿತು. ಬೆಕ್‌ಸ್ಟಾಫರ್ ತನ್ನ ದ್ರಾಕ್ಷಿ ಕೊಳ್ಳುವವರಿಗೆ ಈ ಹೆಸರು ಕೊಡಬಹುದು ಎಂದಾಯಿತು. ಅದಕ್ಕೇ ಶ್ರೇಡರ್, ಪಾಲ್ ಹಾಬ್ಸ್, ಕಾರ್ಟರ್, ಟಾರ್, ರೆಲ್ಮ್ ಬಾಟಲಿಗಳ ಮೇಲೆ 'ಬೆಕ್‌ಸ್ಟಾಫರ್ ಟೊ ಕಲಾನ್' ಎಂದು ಸೇರಿಸಿಯೇ ಬರೆದಿರುವುದು.

ರಾಜಿಯಾದ್ದರಿಂದ ಮೂಲ ಪ್ರಶ್ನೆಗೆ, ಅಂದರೆ ಇದು ಬ್ರಾಂಡೋ ಜಾಗವೋ ಎಂಬುದಕ್ಕೆ, ಆಗ ತೀರ್ಪು ಸಿಗಲೇ ಇಲ್ಲ.

ಮತ್ತೆ 2019ರಲ್ಲಿ ಕೋರ್ಟಿಗೆ ಹೋದದ್ದು ಯಾರು?

2004ರಲ್ಲಿ ಮೊಂಡಾವಿ ಕಂಪನಿಯನ್ನು ಕಾನ್‌ಸ್ಟೆಲೇಶನ್ ಬ್ರಾಂಡ್ಸ್ ಎಂಬ ದೊಡ್ಡ ಮದ್ಯದ ಕಂಪನಿ ಕೊಂಡಿತು. ಟ್ರೇಡ್‌ಮಾರ್ಕ್ ಅದರ ಜೊತೆಗೇ ಹೋಯಿತು. ಪಕ್ಕದ 'ದ ವಿನ್ಯಾರ್ಡ್ ಹೌಸ್' ಎಂಬ ವೈನರಿ, ನಮ್ಮ ನೆಲದ ಒಂದು ಪಾಲೂ ಕ್ರ್ಯಾಬ್‌ನ ಆಸ್ತಿಯಾಗಿತ್ತು, ನಮಗೂ ಹೆಸರಿನ ಹಕ್ಕಿದೆ ಎಂದು 2019ರಲ್ಲಿ ದಾವೆ ಹೂಡಿತು. ಹಳೆಯ ಕ್ರಯಪತ್ರ, ನಕ್ಷೆ, ನೂರು ವರ್ಷದ ಹಿಂದಿನ ಪತ್ರಿಕೆಗಳೆಲ್ಲ ಹೊರಬಂದವು. ಉತ್ತರ ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟ್ 2021ರ ಜನವರಿಯಲ್ಲಿ ಕಾನ್‌ಸ್ಟೆಲೇಶನ್ ಪರವಾಗಿ ತೀರ್ಪು ಕೊಟ್ಟಿತು. ವಿನ್ಯಾರ್ಡ್ ಹೌಸ್ ಆ ಹೆಸರು ಬಳಸುವಂತಿಲ್ಲ ಎಂದಾಯಿತು.

ಇದರ ನಡುವೆ, 2017ರಲ್ಲಿ, ಶ್ರೇಡರ್ ಬ್ರಾಂಡ್ ಅನ್ನೂ ಕಾನ್‌ಸ್ಟೆಲೇಶನ್ ಕೊಂಡಿತ್ತು. 2002ರಲ್ಲಿ ಕೋರ್ಟಿನಲ್ಲಿ ಎದುರುಬದುರು ನಿಂತ ಎರಡು ಲೇಬಲ್‌ಗಳಿಗೆ ಈಗ ಒಬ್ಬನೇ ಒಡೆಯ.

ಸರ್ಕಾರ ತೋಟದ ಗಡಿ ಗುರುತಿಸುವುದಿಲ್ವಾ?

ಇಲ್ಲ. ಈ ಎಲ್ಲ ಜಗಳಕ್ಕೆ ಕಾರಣ ಅದೇ.

ನಾಪಾ ವ್ಯಾಲಿ, ಓಕ್‌ವಿಲ್, ರದರ್‌ಫರ್ಡ್ ಎಂಬ ಪ್ರದೇಶಗಳಿಗೆ ಅಮೆರಿಕ ಸರ್ಕಾರ ನಕ್ಷೆ ಹಾಕಿ ಗಡಿ ಹೇಳಿದೆ. ನಾಪಾ ವ್ಯಾಲಿಗೆ 1981ರಲ್ಲಿ, ಓಕ್‌ವಿಲ್‌ಗೆ 1993ರಲ್ಲಿ. ಇಂಥ ಪ್ರದೇಶದ ಹೆಸರು ಹಾಕಬೇಕಾದರೆ 85% ದ್ರಾಕ್ಷಿ ಅಲ್ಲಿಯದೇ ಆಗಿರಬೇಕು. ಕ್ಯಾಬರ್ನೆ ಎಂದು ಬರೆಯಲು 75% ಆ ತಳಿ ಸಾಕು. ತೋಟದ ಹೆಸರು ಹಾಕಿದರೆ 95% ದ್ರಾಕ್ಷಿ ಆ ತೋಟದ್ದೇ ಇರಬೇಕು. ನಿಯಮ ಬಿಗಿಯಾಗಿಯೇ ಇದೆ. ಆದರೆ 'ಆ ತೋಟ' ಎಲ್ಲಿಂದ ಎಲ್ಲಿಯವರೆಗೆ ಎಂದು ಹದ್ದುಬಸ್ತು ಮಾಡಿಕೊಡುವವರು ಯಾರೂ ಇಲ್ಲ. ಗಡಿ ಇಲ್ಲದ ತೋಟದ 95% ಅಂದರೆ ಏನರ್ಥ? ಆ ಖಾಲಿ ಜಾಗಕ್ಕೆ ಟ್ರೇಡ್‌ಮಾರ್ಕ್ ಬಂದು ಕೂತಿತು.

ಫ್ರಾನ್ಸಿನ ಬರ್ಗಂಡಿಯಲ್ಲಿ ಹೀಗಾಗುವುದಿಲ್ಲ. ಅಲ್ಲಿ ಶಾಂಬರ್ತಾನ್ ತೋಟದಲ್ಲಿ ನಾಲ್ಕು ಸಾಲು ಬಳ್ಳಿ ಇರುವವನೂ ಲೇಬಲ್ ಮೇಲೆ ಶಾಂಬರ್ತಾನ್ ಎಂದೇ ಹಾಕುತ್ತಾನೆ. ಗಡಿ ಕಾನೂನಿನಲ್ಲಿದೆ, ಹೆಸರು ನೆಲದ ಜೊತೆ ಹೋಗುತ್ತದೆ.

ಹಾಗಾದ್ರೆ ಜಿಐ ಇದ್ದರೆ ಸಾಕಲ್ವಾ?

ಜಿಐ, ಅಂದರೆ ಭೌಗೋಳಿಕ ಸೂಚಕ, ಪ್ರದೇಶಕ್ಕೆ ಸಿಗುವ ರಕ್ಷಣೆ, ಒಂದು ತೋಟಕ್ಕಲ್ಲ. ನಮ್ಮ ನಂಜನಗೂಡು ರಸಬಾಳೆಯನ್ನೇ ತೆಗೆದುಕೊಳ್ಳಿ. ಜಿಐ ಗಡಿಯೊಳಗೆ ಬೆಳೆಯುವ ಯಾವ ರೈತನೂ ನೋಂದಾಯಿಸಿಕೊಂಡು ಆ ಹೆಸರಿನಲ್ಲಿ ಮಾರಬಹುದು. ಒಬ್ಬ ದೊಡ್ಡ ವ್ಯಾಪಾರಿ ಆ ಹೆಸರನ್ನು ತನ್ನೊಬ್ಬನದು ಮಾಡಿಕೊಂಡು, ಪಕ್ಕದ ಹೊಲದವನಿಗೆ ನೀನು ರಸಬಾಳೆ ಎನ್ನಬೇಡ ಎನ್ನುವಂತಿಲ್ಲ. ಟೊ ಕಲಾನ್‌ನಲ್ಲಿ ಆಗಿರುವುದು ಸರಿಸುಮಾರು ಹಾಗೆ ಹೆಸರನ್ನು ಒಬ್ಬರದೇ ಮಾಡಿಕೊಂಡದ್ದು. ನಾಪಾ ವ್ಯಾಲಿ ಎಂಬ ಹೆಸರಿಗೆ ಯುರೋಪಿನಲ್ಲಿ 2007ರಲ್ಲಿ ಜಿಐ ರಕ್ಷಣೆ ಸಿಕ್ಕಿತು. ಭಾರತದ ಜಿಐ ಪಟ್ಟಿಯಲ್ಲೂ ಅದು ಇದೆ. ಆದರೆ ಆ ರಕ್ಷಣೆ ಕಣಿವೆಯ ಒಳಗಿನ ತೋಟಗಳವರೆಗೆ ಇಳಿಯುವುದಿಲ್ಲ.

'ನಿಜವಾದ' ಟೊ ಕಲಾನ್ ಬಾಟಲಿ ಯಾವುದು?

ಲೇಬಲ್ ನೋಡಿ ಹೇಳುವುದಾದರೆ ಎರಡು ದಾರಿ. ಮೊಂಡಾವಿ ಮತ್ತು ಅದರ ಒಡೆಯರ ಕಡೆಯಿಂದ ಬಂದ ಟೊ ಕಲಾನ್ ಒಂದು. ಬೆಕ್‌ಸ್ಟಾಫರ್ ಹೆಸರು ಸೇರಿದ ಟೊ ಕಲಾನ್ ಇನ್ನೊಂದು.

ನೆಲ ನೋಡಿ ಹೇಳುವುದಾದರೆ ಇನ್ನೂ ಇವೆ. ಮ್ಯಾಕ್‌ಡೊನಾಲ್ಡ್ ಮತ್ತು ಡೆಟರ್ಟ್ ಕುಟುಂಬಗಳು ತಲೆಮಾರುಗಳಿಂದ ಈ ನೆಲ ಉಳುತ್ತಿವೆ. ಅವರ ದ್ರಾಕ್ಷಿ ವರ್ಷಗಟ್ಟಲೆ ಮೊಂಡಾವಿಗೇ ಹೋಗಿದೆ. ಈಗ ತಮ್ಮದೇ ಹೆಸರಲ್ಲಿ ಸ್ವಲ್ಪ ಸ್ವಲ್ಪ ವೈನ್ ಮಾಡುತ್ತಾರೆ. ಲೇಬಲ್ ಮೇಲೆ ಟೊ ಕಲಾನ್ ಎಂಬ ಪದ ಇಲ್ಲ. ತೋಟದ ಹಳೆಯ ದಾಖಲೆಗಳನ್ನು ಹುಡುಕಿ ಜೋಡಿಸಿದವರಲ್ಲಿ ಗ್ರೇಮ್ ಮ್ಯಾಕ್‌ಡೊನಾಲ್ಡ್ ಮುಖ್ಯರು. ಆ ನೆಲದ ಕತೆಯನ್ನು ಬಲ್ಲವನಿಗೇ ಅದರ ಹೆಸರು ಹೇಳಲು ಅನುಮತಿ ಬೇಕು. ಇದು ನನಗೆ ಅನ್ಯಾಯ ಎಂದೇ ಕಾಣುತ್ತದೆ. ಮೊಂಡಾವಿ ಈ ಹೆಸರಿಗೆ ಮತ್ತೆ ಜೀವ ಕೊಟ್ಟರು, ಒಪ್ಪುತ್ತೇನೆ. ದುಡ್ಡು ಸುರಿದು ಬೆಳೆಸಿದ ಲೇಬಲ್‌ಗೆ ರಕ್ಷಣೆ ಬೇಕು, ಅದೂ ಸರಿ. ಆದರೆ 1880ರ ದಶಕದಿಂದ ಒಂದು ನೆಲವನ್ನು ಕರೆಯುತ್ತ ಬಂದ ಹೆಸರು ಆ ನೆಲ ಉಳುವ ಎಲ್ಲರಿಗೂ ಸೇರಬೇಕು.

ಆದ್ದರಿಂದ ಸಂಗ್ರಹಕಾರರಿಗೆ ನನ್ನ ಸಲಹೆ: ಹೆಸರು ನೋಡಿ ನಿಲ್ಲಬೇಡಿ. ಯಾವ ಬ್ಲಾಕ್ (ತೋಟದ ಯಾವ ತುಂಡು), ಯಾರು ಬೆಳೆದದ್ದು, ಯಾರು ಮಾಡಿದ್ದು ಎಂದು ಕೇಳಿ. ಶ್ರೇಡರ್‌ನ ಸಿಸಿಎಸ್, ಆರ್‌ಬಿಎಸ್, ಟಿ6 ಮೂರೂ ಬೆಕ್‌ಸ್ಟಾಫರ್ ಟೊ ಕಲಾನ್‌ನವೇ. ಬೇರೆ ಬೇರೆ ಕ್ಲೋನ್‌ನ (ಒಂದೇ ತಳಿಯ ಬೇರೆ ಬೇರೆ ಕವಲಿನ) ಬಳ್ಳಿಗಳಾದ್ದರಿಂದ ರುಚಿ ಬೇರೆ.

ಸ್ಟ್ಯಾಗ್ಸ್ ಲೀಪ್ ಎರಡೆರಡು ಯಾಕಿವೆ?

ಇದು ಇನ್ನೊಂದು ಹೆಸರಾಂತ ಜಗಳ. ಹಿಂದೆ ವಾರೆನ್ ವಿನಿಯಾರ್ಸ್ಕಿಯವರದಾಗಿದ್ದ ಸ್ಟ್ಯಾಗ್ಸ್ ಲೀಪ್ ವೈನ್ ಸೆಲರ್ಸ್ ಒಂದು, ಕಾರ್ಲ್ ಡೂಮಾನಿಯವರದಾಗಿದ್ದ ಸ್ಟ್ಯಾಗ್ಸ್ ಲೀಪ್ ವೈನರಿ ಇನ್ನೊಂದು. ಎರಡೂ ಒಂದೇ ಬಂಡೆಬೆಟ್ಟದ ಬುಡದಲ್ಲಿವೆ. ಹೆಸರೂ ಆ ಬೆಟ್ಟದ್ದೇ. 1976ರ ಪ್ಯಾರಿಸ್ ಪೈಪೋಟಿಯಲ್ಲಿ ಬೋರ್ಡೊ ವೈನ್‌ಗಳನ್ನು ಹಿಂದೆ ಹಾಕಿ ಮೊದಲು ಬಂದದ್ದು ವಿನಿಯಾರ್ಸ್ಕಿಯ 1973ರ ಕ್ಯಾಬರ್ನೆ. ಆ ಮೇಲೆ ಹೆಸರಿಗೆ ಬೆಲೆ ಬಂತು. ಇಬ್ಬರೂ ವರ್ಷಗಟ್ಟಲೆ ಕೋರ್ಟಿಗೆ ಅಲೆದರು.

ಕೊನೆಗೆ ಉಳಿದ ವ್ಯತ್ಯಾಸ ಇಂಗ್ಲಿಷಿನ ಒಂದು ಚಿಕ್ಕ ಚಿಹ್ನೆ. ವಿನಿಯಾರ್ಸ್ಕಿ ಲೇಬಲ್‌ನಲ್ಲಿ ಅಪಾಸ್ಟ್ರಫಿ 'ಸ್ಟ್ಯಾಗ್ಸ್' ಪದದ ಕೊನೆಯ ಎಸ್ ಅಕ್ಷರಕ್ಕೆ ಮುಂಚೆ, ಡೂಮಾನಿ ಲೇಬಲ್‌ನಲ್ಲಿ ಆ ಎಸ್ ಆದ ಮೇಲೆ. 1989ರಲ್ಲಿ ಪ್ರದೇಶಕ್ಕೆ ಸರ್ಕಾರದ ಮಾನ್ಯತೆ ಬಂದಾಗ ಅದರಲ್ಲಿ ಚಿಹ್ನೆಯೇ ಇಲ್ಲ. ಜಗಳ ಮುಗಿದ ನೆನಪಿಗೆ ಇಬ್ಬರೂ ತಮ್ಮ 1985ರ ವೈನ್ ಸೇರಿಸಿ 'ಅಕಾರ್ಡ್' ಎಂಬ ಬಾಟಲಿ ತಂದರು. ಟೊ ಕಲಾನ್ ಜಗಳಕ್ಕೆ ಅಂಥ ಒಂದು ಬಾಟಲಿ ಬಂದರೆ ಎಷ್ಟು ಚೆನ್ನ ಅನ್ನಿಸುತ್ತದೆ. ಕೊಳ್ಳುವಾಗ ಆ ಚಿಹ್ನೆ ನೋಡಿಯೇ ಕೊಳ್ಳಿ. ಎರಡು ವೈನರಿಗಳ ಬೆಲೆಯೂ ಬೇರೆ, ಶೈಲಿಯೂ ಬೇರೆ.

ಹಳೆಯ ಬಾಟಲಿ ಮೇಲೆ ಅರೌಹೊ, ಹೊಸದರ ಮೇಲೆ ಐಸೆಲೆ. ಎರಡೂ ಒಂದೇನಾ?

ತೋಟ ಒಂದೇ, ಕ್ಯಾಲಿಸ್ಟೋಗಾ ಹತ್ತಿರ. ಮಿಲ್ಟ್ ಮತ್ತು ಬಾರ್ಬರಾ ಐಸೆಲೆ 1969ರಲ್ಲಿ ಕೊಂಡರು. ರಿಡ್ಜ್ 1971ರಲ್ಲಿ, ಜೋಸೆಫ್ ಫೆಲ್ಪ್ಸ್ 1975ರಿಂದ ಈ ಹೆಸರಲ್ಲಿ ವೈನ್ ಮಾಡಿದರು. 1990ರಲ್ಲಿ ಅರೌಹೊ ದಂಪತಿ ಕೊಂಡರು. 2013ರಲ್ಲಿ ಶಾಟೋ ಲತೂರ್ ಒಡೆಯ ಫ್ರಾನ್ಸ್ವಾ ಪಿನೋ ಅವರ ಕಂಪನಿಗೆ ಹೋಯಿತು. ಅವರು 2016ರಲ್ಲಿ ಅರೌಹೊ ಹೆಸರು ತೆಗೆದು ತೋಟದ ಹೆಸರನ್ನೇ ವೈನರಿಗೆ ಇಟ್ಟರು. ಒಡೆಯರು ಬದಲಾದರೂ ತೋಟದ ಹೆಸರು ನಿಂತಿದೆ. ಇದು ನನಗೆ ತುಂಬ ಖುಷಿ ಕೊಡುವ ಕತೆ.

ಬ್ರಾಂಡ್ ಹೆಸರಲ್ಲೇ 'ನಾಪಾ' ಇದ್ದರೆ ವೈನ್ ನಾಪಾದ್ದೇ ಅಲ್ವಾ?

ಈಗ ಹೌದು. ಮೊದಲು ಹಾಗಿರಲಿಲ್ಲ. 1986ಕ್ಕೆ ಮುಂಚಿನ ಬ್ರಾಂಡ್‌ಗಳಿಗೆ ಕೇಂದ್ರದ ನಿಯಮದಲ್ಲಿ ವಿನಾಯಿತಿ ಇತ್ತು. ಬ್ರಾಂಕೊ ಕಂಪನಿ ಅಂಥ ಹಳೆಯ ಬ್ರಾಂಡ್ ಕೊಂಡು, ಹೊರಗಿನ ದ್ರಾಕ್ಷಿಯ ವೈನ್‌ಗೆ 'ನಾಪಾ ರಿಡ್ಜ್' ಎಂದು ಹೆಸರು ಹಾಕಿ ಮಾರುತ್ತಿತ್ತು. 2000ದಲ್ಲಿ ಕ್ಯಾಲಿಫೋರ್ನಿಯಾ ಇದನ್ನು ತಡೆಯುವ ಕಾನೂನು ಮಾಡಿತು. ಬ್ರಾಂಕೊ ಎದುರು ನಿಂತಿತು. ರಾಜ್ಯದ ಸುಪ್ರೀಂ ಕೋರ್ಟ್ 2004ರಲ್ಲಿ ಕಾನೂನು ಎತ್ತಿಹಿಡಿಯಿತು.

ಈ ಬಾಟಲಿಗಳು ಅಂಗಡಿಯಲ್ಲಿ ಸಿಗಲ್ಲ. ಕೊಳ್ಳುವುದು ಹೇಗೆ?

ವೈನರಿಯ ಪಟ್ಟಿಗೆ ಹೆಸರು ಬರೆಸಬೇಕು. ದೊಡ್ಡ ಹೆಸರುಗಳಿಗೆ ಕಾಯುವುದು ವರ್ಷಗಟ್ಟಲೆ. ಸರದಿ ಬಂದ ಮೇಲೆ ವರ್ಷಕ್ಕೆ ಇಷ್ಟು ಬಾಟಲಿ ಎಂದು ಅಲೋಕೇಶನ್ ಕೊಡುತ್ತಾರೆ. ಕೊಳ್ಳದೆ ಬಿಟ್ಟರೆ ಹೆಸರು ಕೆಳಗಿಳಿಯಬಹುದು ಅಥವಾ ಹೊಡೆದು ಹಾಕಬಹುದು. ಆ ಹೆದರಿಕೆಯಲ್ಲಿ ಇಷ್ಟವಿಲ್ಲದ ವರ್ಷವನ್ನೂ ಕೊಳ್ಳುವವರಿದ್ದಾರೆ. ಹಾಗೆ ಮಾಡಬೇಡಿ. ಹರಾಜಿನಲ್ಲಿ ಎಷ್ಟೋ ಸಲ ಅದೇ ಬಾಟಲಿ ಬಿಡುಗಡೆ ಬೆಲೆಗಿಂತ ಕಡಿಮೆಗೆ ಸಿಗುತ್ತದೆ. ಬೇಸಿಗೆಯಲ್ಲಿ ಮನೆಗೆ ತರಿಸಬೇಡಿ. ಲಾರಿಯ ಬಿಸಿಯಲ್ಲಿ ವೈನ್ ಬೇಯುತ್ತದೆ.

ಯಾವ ವರ್ಷದ್ದು ಒಳ್ಳೆಯದು?

1991, 1994, 1997, 2001, 2013, 2016 ಹೆಸರು ಮಾಡಿದ ವರ್ಷಗಳು. 2011 ತಂಪು, ಮಳೆ. ಆದರೂ ಒಳ್ಳೆಯ ಕೈಯಲ್ಲಿ ನಾಜೂಕಾದ ವೈನ್ ಆಗಿದೆ. 2020ರಲ್ಲಿ ಜಾಗ್ರತೆ. ಆ ಸೆಪ್ಟೆಂಬರ್ ಕೊನೆಗೆ ಗ್ಲಾಸ್ ಫೈರ್ ಎಂಬ ಕಾಡ್ಗಿಚ್ಚು ಹಬ್ಬಿ, ಹೊಗೆ ದ್ರಾಕ್ಷಿಗೆ ಹಿಡಿಯಿತು. ಅನೇಕರು ಆ ವರ್ಷ ಕ್ಯಾಬರ್ನೆ ಮಾಡಲೇ ಇಲ್ಲ.

ನಕಲಿ ಬಾಟಲಿ ಹೇಗೆ ಗುರುತಿಸುವುದು?

ಬರಿಗಣ್ಣಿಗೆ ಕಷ್ಟ. ರೂಡಿ ಕುರ್ನಿಯಾವಾನ್ ಎಂಬಾತ ಮನೆಯಲ್ಲೇ ಕೂತು ಹಳೆಯ ಬರ್ಗಂಡಿ, ಬೋರ್ಡೊಗಳ ನಕಲು ಮಾಡಿ ಪರಿಣತರನ್ನೂ ಮೋಸ ಮಾಡಿದ. 2014ರಲ್ಲಿ ಅವನಿಗೆ 10 ವರ್ಷ ಶಿಕ್ಷೆಯಾಯಿತು. ನಾಪಾದಲ್ಲಿ ಕಳ್ಳತನದ ಭಯವೂ ಇದೆ. 2014ರ ಕ್ರಿಸ್‌ಮಸ್ ದಿನ ಫ್ರೆಂಚ್ ಲಾಂಡ್ರಿ ರೆಸ್ಟೋರೆಂಟಿನಿಂದ 76 ಬಾಟಲಿ ಕದ್ದರು. ಅದರಲ್ಲಿ ಸ್ಕ್ರೀಮಿಂಗ್ ಈಗಲ್ ಕೂಡ ಇತ್ತು. ಹೆಚ್ಚಿನವು ದೇಶದ ಇನ್ನೊಂದು ಮೂಲೆಯ ನಾರ್ತ್ ಕ್ಯಾರೊಲಿನಾದಲ್ಲಿ ಸಿಕ್ಕವು. ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ಬಿಲ್ಲು ಇಲ್ಲದ ಬಾಟಲಿ ಬೇಡ. ಬೆಲೆ ತೀರಾ ಕಡಿಮೆ ಇದ್ದರೆ ಅದೇ ಮೊದಲ ಎಚ್ಚರಿಕೆ.

ಇಂಡಿಯಾಗೆ ತರಬಹುದಾ? ಬೆಂಗಳೂರಲ್ಲಿ ಇಡಬಹುದಾ?

ವಿಮಾನದಲ್ಲಿ ಬರುವವರು ಸುಂಕವಿಲ್ಲದೆ 2 ಲೀಟರ್ ತರಬಹುದು. ಅಂದರೆ ಮಾಮೂಲಿ ಅಳತೆಯ ಎರಡು ಬಾಟಲಿ. ಬಾಟಲಿ ಚೆಕ್-ಇನ್ ಬ್ಯಾಗಿನಲ್ಲೇ ಇರಲಿ. ಆಮದು ವೈನ್ ಮೇಲಿನ ಸುಂಕ ಬಹುಕಾಲ 150% ಇದ್ದದ್ದು. ದರ ಬದಲಾಗುತ್ತಿರುತ್ತದೆ, ತರುವ ಮುಂಚೆ ಒಮ್ಮೆ ನೋಡಿಕೊಳ್ಳಿ.

ಇಡಲು ಬೇಕಾದ್ದು 12ರಿಂದ 14 ಡಿಗ್ರಿ, ಕತ್ತಲು, ಸ್ವಲ್ಪ ತೇವ. ಬಾಟಲಿ ಮಲಗಿರಬೇಕು. ಬೆಂಗಳೂರಿನ ಹವೆ ತಂಪು ಅಂತ ಅಲ್ಮೆರಾದಲ್ಲಿಟ್ಟರೆ ಏಪ್ರಿಲ್‌ಗೆ ಕೆಡುತ್ತದೆ. ಅಡುಗೆಮನೆ ಫ್ರಿಜ್ ತೀರಾ ತಣ್ಣಗೆ, ತೀರಾ ಒಣ. ವೈನ್ ಕ್ಯಾಬಿನೆಟ್ ಕೊಳ್ಳಿ, ಕರೆಂಟ್ ಹೋದಾಗ ಏನು ಎಂದೂ ಯೋಚಿಸಿ.

ಕರ್ನಾಟಕಕ್ಕೂ ಈ ಲೋಕಕ್ಕೂ ಏನಾದರೂ ನಂಟಿದೆಯಾ?

ಇದೆ. ಹಾರ್ಲನ್ ಮತ್ತು ಅರೌಹೊಗೆ ಸಲಹೆ ಕೊಟ್ಟ ಬೋರ್ಡೊದ ಮಿಶೆಲ್ ರೋಲಾಂ, 1990ರ ದಶಕದಿಂದ ನಂದಿ ಬೆಟ್ಟದ ಬುಡದ ಗ್ರೋವರ್ ತೋಟಕ್ಕೂ ಸಲಹೆಗಾರರಾಗಿದ್ದರು. ಅವರ ಲಾ ರಿಸರ್ವ್ ಕ್ಯಾಬರ್ನೆ ಮತ್ತು ಶಿರಾಜ್ ಬೆರೆಸಿದ ವೈನ್. ಹಂಪಿಯ ಕಡೆ ಕೃಷ್ಮಾ ಎಸ್ಟೇಟ್ ಕೂಡ ಕ್ಯಾಬರ್ನೆ ಬೆಳೆಯುತ್ತದೆ. ಬೆಂಗಳೂರು ನೀಲಿ ದ್ರಾಕ್ಷಿಗೆ ಜಿಐ ಸಿಕ್ಕಿದೆ. ನಮ್ಮಲ್ಲಿ ತೋಟದ ಹೆಸರುಗಳು ಇನ್ನೂ ಈಗ ಹುಟ್ಟುತ್ತಿವೆ. ಗಡಿಯನ್ನು ಬರೆದಿಡುವ ಕೆಲಸವನ್ನು ಈಗಲೇ ಮಾಡಿದರೆ ಒಳ್ಳೆಯದು.

ಇದರಲ್ಲಿ ದುಡ್ಡು ಹೂಡಬಹುದಾ?

ಕುಡಿಯಲು ಇಷ್ಟವಿಲ್ಲದಿದ್ದರೆ ಬೇಡ. ಇಡುವ ಖರ್ಚು, ಹರಾಜಿನ ಕಮಿಷನ್, ಕೆಟ್ಟುಹೋಗುವ ಭಯ ಎಲ್ಲ ಕಳೆದರೆ ಉಳಿಯುವುದು ಕಡಿಮೆ.

ಇಟ್ಟ ಬಾಟಲಿಯನ್ನು ಯಾವಾಗ ತೆಗೆಯಬೇಕು?

ಒಳ್ಳೆಯ ವರ್ಷದ ಓಕ್‌ವಿಲ್ ಕ್ಯಾಬರ್ನೆ ಹತ್ತರಿಂದ ಇಪ್ಪತ್ತು ವರ್ಷದೊಳಗೆ ಚೆನ್ನಾಗಿ ಅರಳುತ್ತದೆ. ಆರು ಬಾಟಲಿ ಇದ್ದರೆ ಎಂಟನೇ ವರ್ಷಕ್ಕೆ ಒಂದು ತೆಗೆದು ನೋಡಿ, ಉಳಿದದ್ದನ್ನು ಅದರ ಮೇಲೆ ತೀರ್ಮಾನಿಸಿ. ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಗಸಿ ಕೆಳಗೆ ಕೂರಲಿ. ಎಳೆಯದಾದರೆ ಒಂದೆರಡು ಗಂಟೆ ಡಿಕ್ಯಾಂಟರ್‌ನಲ್ಲಿ ಬಿಡಿ. ತುಂಬ ಹಳೆಯದಾದರೆ ತೆಗೆದು ನೇರ ಗ್ಲಾಸಿಗೆ ಬಗ್ಗಿಸಿ. 16ರಿಂದ 18 ಡಿಗ್ರಿ ಸರಿ. ಸಾಧ್ಯವಾದರೆ ಮೊಂಡಾವಿಯದೊಂದು ಟೊ ಕಲಾನ್, ಬೆಕ್‌ಸ್ಟಾಫರ್‌ನದೊಂದು, ಮ್ಯಾಕ್‌ಡೊನಾಲ್ಡ್ ಅಥವಾ ಡೆಟರ್ಟ್‌ನದೊಂದು, ನಾಲ್ಕೈದು ಜನ ಸೇರಿ ದುಡ್ಡು ಹಾಕಿ, ಲೇಬಲ್ ಮುಚ್ಚಿ ಒಟ್ಟಿಗೆ ಕುಡಿದು ನೋಡಿ.